ಅಕ್ಷರ ಅಳಿಸಿದ ಕೀಬೋರ್ಡು: ಟೈಪಿಂಗ್ ಮೇಜು ಕಲಿಸಿದ ಪಾಠಗಳು

ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಕೀಬೋರ್ಡಿನ ಮೇಲಿನ ಅಕ್ಷರ. ಪರದೆ ಚೆನ್ನಾಗಿರುತ್ತದೆ, ಒಳಗಿನ ಬೋರ್ಡು ಚೆನ್ನಾಗಿರುತ್ತದೆ, ಕೀ ಒತ್ತಿದರೆ ಅಕ್ಷರ ಸರಿಯಾಗಿಯೇ ಮೂಡುತ್ತದೆ. ಆದರೆ ಕೀ ಮಾತ್ರ ಬೋಳಾಗಿ ಹೊಳೆಯುತ್ತಿರುತ್ತದೆ. ತಾಲ್ಲೂಕು ಕೇಂದ್ರವೊಂದರಲ್ಲಿ, ಕೋರ್ಟಿನ ಪಕ್ಕದ ರಸ್ತೆಯಲ್ಲಿ ನನ್ನದು ಟೈಪಿಂಗ್ ಮತ್ತು ಡಿಟಿಪಿ ಅಂಗಡಿ. ದಾವೆ, ತಕರಾರು, ಕ್ರಯಪತ್ರ, ಬಾಡಿಗೆ ಕರಾರು, ಅಫಿಡವಿಟ್ಟು ಹೀಗೆ ದಿನವಿಡೀ ಕೆಲಸ; ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ವಕೀಲರ ಕಚೇರಿ, ಶಾಲೆಯ ಲ್ಯಾಬು, ಸಹಕಾರ ಸಂಘಗಳಿಂದ ಅಕ್ಷರ ಹೋದ ಕೀಬೋರ್ಡುಗಳೂ ನನ್ನ ಮೇಜಿಗೆ ಬರುತ್ತವೆ. ಅವುಗಳನ್ನು ಸರಿಮಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಅಕ್ಷರ ಹೋಗಿದೆ ಎಂದರೆ ಕೀಬೋರ್ಡು ಹೋಗಿದೆ ಎಂದಲ್ಲ

ಸಾಮಾನ್ಯ ಆಫೀಸ್ ಕೀಬೋರ್ಡಿನ ಒಳಗೆ ರಬ್ಬರಿನ ಗುಮ್ಮಟಗಳ ಒಂದು ಹಾಳೆಯೂ ಅದರ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪದರಗಳೂ ಇರುತ್ತವೆ. ಒಂದೊಂದು ಕೀ ಐವತ್ತು ಲಕ್ಷದಿಂದ ಒಂದು ಕೋಟಿ ಬಾರಿಯ ಒತ್ತಡ ತಾಳುತ್ತದೆ ಎಂದು ತಯಾರಕರು ಲೆಕ್ಕ ಕೊಡುತ್ತಾರೆ. ಟಿವಿಎಸ್ ಗೋಲ್ಡ್‌ನಂಥ ಮೆಕ್ಯಾನಿಕಲ್ ಕೀಬೋರ್ಡುಗಳಲ್ಲಿ ಪ್ರತಿ ಕೀಗೂ ಬೇರೆಯದೇ ಸ್ವಿಚ್ಚು. ಅವುಗಳ ಲೆಕ್ಕ ಐದು ಕೋಟಿಯನ್ನೂ ಮುಟ್ಟುತ್ತದೆ. ಮೇಲಿನ ಅಕ್ಷರವೋ, ಬಹಳಷ್ಟು ಕೀಬೋರ್ಡುಗಳಲ್ಲಿ ಬರೀ ಒಂದು ಪದರ ಶಾಯಿ. ದಿನಕ್ಕೆ ಎಂಟು ಗಂಟೆ ಕೆಲಸ ನಡೆಯುವ ಕಡೆ ಅದು ಒಂದೆರಡು ವರ್ಷವೂ ನಿಲ್ಲುವುದಿಲ್ಲ.

ಹಾಗಾಗಿ ಯಾರು ಕೀಬೋರ್ಡು ತಂದರೂ ಮೊದಲು ನೋಟ್‌ಪ್ಯಾಡ್ ತೆರೆದು ಎಲ್ಲ ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡುತ್ತೇನೆ. ಎಲ್ಲವೂ ಮೂಡಿದರೆ ಆ ಕೀಬೋರ್ಡನ್ನು ಗುಜರಿಗೆ ಹಾಕಲು ಕಾರಣವೇ ಇಲ್ಲ. ಶಾಲೆಯ ಲ್ಯಾಬುಗಳಲ್ಲಿ ಒಂದಿಷ್ಟು ಅಕ್ಷರ ಅಳಿಸಿದ ಮಾತ್ರಕ್ಕೆ ಕೀಬೋರ್ಡುಗಳನ್ನೆಲ್ಲ ಮೂಲೆಗೆ ರಾಶಿ ಹಾಕಿ, ಮೂರು ಮಕ್ಕಳನ್ನು ಒಂದೇ ಕಂಪ್ಯೂಟರಿಗೆ ಕೂರಿಸಿದ್ದನ್ನು ನೋಡಿದ್ದೇನೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

2. ಅಳಿಸಿದ ಕೀಗಳನ್ನು ಓದಿ, ಆಮೇಲೆ ಸ್ಟಿಕ್ಕರ್ ಕೊಳ್ಳಿ

ಯಾವ ಕೀಗಳ ಅಕ್ಷರ ಹೋಗಿದೆ ಎಂದು ನೋಡಿದರೆ ಅದರ ಮೇಲೆ ಯಾವ ಭಾಷೆಯ ಕೆಲಸ ನಡೆಯುತ್ತದೆ, ಯಾವ ವಿನ್ಯಾಸದಲ್ಲಿ ನಡೆಯುತ್ತದೆ ಎಂದು ಹೇಳಬಹುದು. ಬರೀ ಇಂಗ್ಲಿಷ್ ಕೆಲಸವಾದರೆ ಇ, ಎ, ಎಸ್, ಎನ್, ಓ ಮೊದಲು ಹೋಗುತ್ತವೆ. ಎಫ್ ಕೀ ಬಹುಕಾಲ ಹೊಸದರಂತೆಯೇ ಇರುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಅದಕ್ಕೆ ಅಷ್ಟು ಕೆಲಸವಿಲ್ಲ.

ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಕೆಲಸ ಮಾಡುವವರ ಕೀಬೋರ್ಡಿನಲ್ಲಿ ಚಿತ್ರವೇ ಬೇರೆ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವ ಕೆಲಸ ಎಫ್ ಕೀಯದು. ‘ಅಕ್ಕ’ ಎಂದು ಹೊಡೆಯಲು ಎ, ಕೆ, ಎಫ್, ಕೆ ಒತ್ತಬೇಕು. ಒತ್ತಕ್ಷರ, ಅರ್ಧಾಕ್ಷರಗಳಿಲ್ಲದೆ ಕನ್ನಡದ ಒಂದು ಸಾಲೂ ಮುಗಿಯುವುದಿಲ್ಲವಾದ್ದರಿಂದ ಎಫ್ ಬೇಗ ನುಣುಪಾಗುತ್ತದೆ. ಅದರ ಜೊತೆಗೆ ಎಡಗಡೆಯ ಶಿಫ್ಟ್. ಅಕಾರದ ದೀರ್ಘಕ್ಕೆ ಶಿಫ್ಟ್ ಮತ್ತು ಎ, ಅನುಸ್ವಾರಕ್ಕೆ ಶಿಫ್ಟ್ ಮತ್ತು ಎಂ, ಣಕಾರಕ್ಕೆ ಶಿಫ್ಟ್ ಮತ್ತು ಎನ್, ಳಕಾರಕ್ಕೆ ಶಿಫ್ಟ್ ಮತ್ತು ಎಲ್. ಹಾಗಾಗಿ ಎಡ ಕಿರುಬೆರಳಿಗೆ ಬಿಡುವೇ ಇರುವುದಿಲ್ಲ. ಎಫ್ ಬೋಳಾಗಿ ಶಿಫ್ಟ್ ಹೊಳೆಯುತ್ತಿದ್ದರೆ ಅದು ನುಡಿ ಓಡುವ ಕೀಬೋರ್ಡು.

ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕನ್ನಡ ವಿನ್ಯಾಸದಲ್ಲಿ ಅರ್ಧಾಕ್ಷರಕ್ಕೆ ಡಿ, ಗುಣಿಸಿಗೆ ಎಫ್, ಅಕಾರದ ದೀರ್ಘಕ್ಕೆ ಇ. ಅಲ್ಲಿ ಸ್ವರಚಿಹ್ನೆಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಆದ್ದರಿಂದ ಎಡಭಾಗದ ನಡುಸಾಲಿನಲ್ಲಿ ಒಂದು ಗುಂಪು ಕೀಗಳು ಒಟ್ಟಿಗೆ ಅಳಿಸಿರುತ್ತವೆ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ‘ಕನ್ನಡ ಕೀಬೋರ್ಡ್ ಸ್ಟಿಕ್ಕರ್’ ಎಂದು ಕೇಳಿದರೆ ಕೈಗೆ ಬರುವುದು ಹಲವು ಸಲ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ನುಡಿ ಬಳಸುವವರು ಅದನ್ನು ಅಂಟಿಸಿಕೊಂಡರೆ ಕೀಯ ಮೇಲೆ ಒಂದು ಅಕ್ಷರ, ಪರದೆಯ ಮೇಲೆ ಇನ್ನೊಂದು ಅಕ್ಷರ. ಕೊಳ್ಳುವ ಮೊದಲು ಎಚ್ ಕೀಯ ಸ್ಟಿಕ್ಕರ್ ನೋಡಿ. ಅಲ್ಲಿ ‘ಹ’ ಇದ್ದರೆ ಕೆ.ಪಿ. ರಾವ್ ವಿನ್ಯಾಸ, ‘ಪ’ ಇದ್ದರೆ ಇನ್‌ಸ್ಕ್ರಿಪ್ಟ್. ಕೆ ಕೀಯನ್ನು ನೋಡಿ ತೀರ್ಮಾನಿಸಬೇಡಿ, ಎರಡರಲ್ಲೂ ಅಲ್ಲಿ ‘ಕ’ ಇರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಕನ್ನಡ ಮೂಡಿಸಿಕೊಳ್ಳುವವರಿಗೆ ಕನ್ನಡ ಸ್ಟಿಕ್ಕರೇ ಬೇಡ. ಇಂಗ್ಲಿಷ್ ಅಕ್ಷರ ಕಂಡರೆ ಸಾಕು.

3. ಅಕ್ಷರ ಯಾರ ಕಣ್ಣಿಗೆ ಬೇಕು?

ದುಡ್ಡು ಖರ್ಚು ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಹತ್ತೂ ಬೆರಳಲ್ಲಿ ಹೊಡೆಯುವವರು ಕೀ ನೋಡುವುದಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ವೇಗವಾಗಿ, ತಪ್ಪಿಲ್ಲದೆ ಟೈಪ್ ಮಾಡುವವರ ಕೈಗೆ ಕೀಬೋರ್ಡಿನ ಖಾಲಿ ಚಿತ್ರ ಕೊಟ್ಟು, 80 ಸೆಕೆಂಡಿನಲ್ಲಿ ಅಕ್ಷರಗಳನ್ನು ತುಂಬಲು ಹೇಳಿದರು. ಸರಾಸರಿ ಹದಿನೈದು ಅಕ್ಷರಗಳನ್ನಷ್ಟೇ ಅವರು ಸರಿಯಾದ ಜಾಗದಲ್ಲಿ ಬರೆದರು. ಬೆರಳಿಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ನನ್ನಲ್ಲಿ ಕೆಲಸ ಮಾಡುವ ಅಕ್ಕನ ಕೀಬೋರ್ಡಿನಲ್ಲಿ ಅರ್ಧಕ್ಕರ್ಧ ಅಕ್ಷರ ಇಲ್ಲ. ಕ್ರಯಪತ್ರದ ಚೆಕ್ಕುಬಂದಿ ಹೊಡೆಯುವಾಗ ಅವರ ಕಣ್ಣು ಹಸ್ತಪ್ರತಿಯಿಂದ ಕದಲುವುದಿಲ್ಲ. ಅವರ ಕೀಬೋರ್ಡಿಗೆ ಸ್ಟಿಕ್ಕರ್ ಹಾಕಿದರೆ ಬೆರಳಿಗೆ ಅಂಚು ತಾಗಿ ತೊಂದರೆಯೇ ಹೆಚ್ಚು.

ಅದೇ ಕುರ್ಚಿಯಲ್ಲಿ ವಕೀಲರು ಬಂದು ಕೂತು ಒಂದು ಪ್ಯಾರಾ ತಿದ್ದುತ್ತೇನೆ ಎಂದರೆ ಕಥೆ ಬದಲಾಗುತ್ತದೆ. ಎರಡು ಬೆರಳಲ್ಲಿ ಹುಡುಕಿ ಹೊಡೆಯುವವರಿಗೆ ಒಂದು ಅಕ್ಷರ ಕಾಣದಿದ್ದರೂ ಕೆಲಸ ನಿಲ್ಲುತ್ತದೆ. ಬ್ಯಾಂಕು, ಗ್ರಾಮ ಪಂಚಾಯಿತಿಗಳಲ್ಲಿ ಒಂದೇ ಕಂಪ್ಯೂಟರಿಗೆ ಹಲವರು ಕೂರುತ್ತಾರೆ. ಅಲ್ಲಿ ಅತಿ ನಿಧಾನವಾಗಿ ಹೊಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೀಬೋರ್ಡು ಸಿದ್ಧಮಾಡಬೇಕು.

ನೋಡದೆ ಹೊಡೆಯುವವರಿಗೂ ಬೇಕಾದ ಒಂದು ಸಾಲಿದೆ: ಅಂಕಿಗಳ ಸಾಲು ಮತ್ತು ಅಲ್ಲಿನ ಚಿಹ್ನೆಗಳು. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಬರೀ ಚುಕ್ಕಿ ಕಾಣುತ್ತದೆ, ತಪ್ಪು ತಿಳಿಯುವುದಿಲ್ಲ. ಮೂರು ಸಲ ತಪ್ಪಿದರೆ ಖಾತೆಯೇ ಲಾಕ್. ಆದ್ದರಿಂದ ಅಕ್ಷರಗಳಿಗಿಂತ ಮೊದಲು ಚಿಹ್ನೆಗಳ ಸಾಲನ್ನು ಸರಿಮಾಡಿ ಎನ್ನುತ್ತೇನೆ. ಹಳೆಯ ಕೀಬೋರ್ಡುಗಳಲ್ಲಿ ರೂಪಾಯಿ ಚಿಹ್ನೆ ಇರುವುದೇ ಇಲ್ಲ, ಅದು ಬಂದದ್ದೇ 2010ರಲ್ಲಿ. ವಿಂಡೋಸ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ವಿನ್ಯಾಸ ಆರಿಸಿಕೊಂಡರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿದಾಗ ಅದು ಮೂಡುತ್ತದೆ. ಹೇಗೂ ಸ್ಟಿಕ್ಕರ್ ಹಾಕುತ್ತಿದ್ದರೆ 4ರ ಕೀ ಮೇಲೆ ರೂಪಾಯಿ ಚಿಹ್ನೆಯನ್ನೂ ಸೇರಿಸಿಕೊಳ್ಳಿ.

4. ಅಕ್ಷರ ಕೂರಿಸಿದ ಬಗೆ ತಿಳಿದರೆ ಆಯಸ್ಸು ತಿಳಿಯುತ್ತದೆ

ಅಗ್ಗದ ಕೀಬೋರ್ಡುಗಳಲ್ಲಿ ಸಿಲಿಕೋನ್ ಪ್ಯಾಡಿನಿಂದ ಶಾಯಿ ಎತ್ತಿ ಕೀಯ ಮೇಲೆ ಒತ್ತಿರುತ್ತಾರೆ. ಹೊಸದಿದ್ದಾಗ ಉಗುರು ಆಡಿಸಿದರೆ ಅಕ್ಷರ ಒಂದಿಷ್ಟು ಉಬ್ಬಿದಂತೆ ತಿಳಿಯುತ್ತದೆ. ಎಲ್ಲಕ್ಕಿಂತ ಬೇಗ ಹೋಗುವುದು ಇದೇ. ಇನ್ನು ಕೆಲವರು ಲೇಸರ್‌ನಿಂದ ಪ್ಲಾಸ್ಟಿಕ್ಕಿನ ಮೈಯನ್ನೇ ಸುಟ್ಟು ಅಕ್ಷರ ಮೂಡಿಸುತ್ತಾರೆ. ಅದು ಹೆಚ್ಚು ಬಾಳುತ್ತದೆ, ಆದರೆ ಕಪ್ಪು ಕೀಯ ಮೇಲೆ ಬೂದು ಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ.

ಶಾಯಿಯನ್ನು ಬಿಸಿಯಿಂದ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿಸುವ ವಿಧಾನವೂ ಇದೆ. 1985ರ ಹೊತ್ತಿಗೆ ಬಂದ ಐಬಿಎಂ ಮಾಡೆಲ್ ಎಂ ಕೀಬೋರ್ಡುಗಳಲ್ಲಿ ಇದನ್ನೇ ಬಳಸಿದ್ದರು, ಅವುಗಳ ಅಕ್ಷರ ಇವತ್ತಿಗೂ ಸ್ಪಷ್ಟ. ಇದರಲ್ಲಿ ತಿಳಿಬಣ್ಣದ ಕೀಯ ಮೇಲೆ ಗಾಢ ಅಕ್ಷರ ಮಾತ್ರ ಬರುತ್ತದೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದು ಮಾಡಿದ ಕೀ. ಅದನ್ನು ತಿರುಗಿಸಿ ನೋಡಿದರೆ ಒಳಗಡೆ ಎರಡನೆಯ ಬಣ್ಣ ಕಾಣುತ್ತದೆ. ಅಲ್ಲಿ ಅಕ್ಷರ ಅಳಿಸಬೇಕೆಂದರೆ ಕೀಯೇ ತೂತಾಗಬೇಕು.

ಬೆಳಕು ಬರುವ ಲ್ಯಾಪ್‌ಟಾಪ್ ಕೀಗಳು ಬೇರೆ ಬಗೆ. ಬೆಳಕು ಹಾಯುವ ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಬಳಿದು, ಅಕ್ಷರದ ಜಾಗದಲ್ಲಷ್ಟೇ ಲೇಸರ್‌ನಿಂದ ಬಣ್ಣ ಕೆರೆದಿರುತ್ತಾರೆ. ಸವೆದಾಗ ಸುತ್ತಲಿನ ಕಪ್ಪು ಕಿತ್ತುಹೋಗಿ ಅಕ್ಷರದ ಅಂಚು ಒಡೆದು ಬೆಳಕು ಸೋರುತ್ತದೆ.

ಹೊಳಪಿನ ಬಗ್ಗೆಯೂ ಒಂದು ಮಾತು. ಹೆಚ್ಚಿನ ಕೀಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಅವುಗಳ ಒರಟು ಮೈ ಬೆರಳಿನ ತಿಕ್ಕಾಟಕ್ಕೆ ನುಣುಪಾಗಿ ಎಣ್ಣೆ ಹಚ್ಚಿದಂತೆ ಕಾಣುತ್ತದೆ. ಇದು ಕೊಳೆಯಲ್ಲ, ಒರೆಸಿದರೆ ಹೋಗುವುದಿಲ್ಲ. ಪಿಬಿಟಿ ಪ್ಲಾಸ್ಟಿಕ್ಕಿನ ಕೀಗಳು ಹೀಗೆ ಹೊಳಪಾಗಲು ಬಹುಕಾಲ ಬೇಕು. ದಿನವಿಡೀ ಕನ್ನಡ ಟೈಪ್ ಮಾಡುವವರು ನಾಲ್ಕು ಕಾಸು ಹೆಚ್ಚಾದರೂ ಪಿಬಿಟಿ ಕೀಗಳನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

5. ಬೆರಳಷ್ಟೇ ಅಲ್ಲ, ಒರೆಸುವ ಬಟ್ಟೆಯೂ ಅಕ್ಷರ ತಿನ್ನುತ್ತದೆ

2020ರ ಕೊರೊನಾ ಕಾಲದಲ್ಲಿ ಎಲ್ಲ ಕಚೇರಿಗಳಲ್ಲೂ ಕೀಬೋರ್ಡಿಗೆ ಸ್ಯಾನಿಟೈಸರ್ ಹಾಕಿ ತಿಕ್ಕಿದರು. ಆಮೇಲೆ ನನ್ನ ಮೇಜಿಗೆ ಬಂದ ಕೀಬೋರ್ಡುಗಳಲ್ಲಿ ಯಾರೂ ಅಷ್ಟಾಗಿ ಮುಟ್ಟದ ಎಫ್12ರ ಅಕ್ಷರವೂ ಮಾಸಿತ್ತು. ಪ್ಯಾಡಿನಲ್ಲಿ ಒತ್ತಿದ ಶಾಯಿಗೆ ಆಲ್ಕೋಹಾಲ್ ಆಗುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಬೇರೆ ಇರುವುದರಿಂದ ಧೂಳು ಅಂಟುತ್ತದೆ.

ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ತಿಕ್ಕದೆ ಒರೆಸಿದರೆ ಸಾಕು. ಕೈಗೆ ಹಚ್ಚಿದ ಕ್ರೀಮು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೇಸಿಗೆಯ ಬೆವರು ಎಲ್ಲವೂ ಶಾಯಿಯನ್ನು ಮೆತ್ತಗೆ ಮಾಡುತ್ತವೆ. ಕೆಲಸಕ್ಕೆ ಕೂರುವ ಮೊದಲು ಕೈ ತೊಳೆದು ಒರೆಸಿಕೊಳ್ಳುವ ಅಭ್ಯಾಸ ಒಳ್ಳೆಯದು. ಉದ್ದ ಉಗುರು ಇರುವವರ ಕೀಗಳಲ್ಲಿ ಅಕ್ಷರ ಮೇಲಂಚಿನಿಂದ ಕೆರೆದಂತೆ ಹೋಗಿರುತ್ತದೆ.

6. ಸ್ಟಿಕ್ಕರ್ ನಿಲ್ಲುವುದು ಅಂಟಿನಿಂದಲ್ಲ, ಕೀ ಸ್ವಚ್ಛ ಮಾಡಿದ ರೀತಿಯಿಂದ

ಒಂದು ವಾರಕ್ಕೇ ಸ್ಟಿಕ್ಕರ್ ಎದ್ದುಬಂತು ಎಂದು ಬೈಯುವವರು ಬಹಳ. ಕೀಯ ಮೇಲೆ ಜಿಡ್ಡಿನ ಪದರವಿದ್ದರೆ ಎಷ್ಟು ಒಳ್ಳೆಯ ಅಂಟಾದರೂ ಹಿಡಿಯುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಕೀಬೋರ್ಡಿನ ತಂತಿ ಬಿಚ್ಚಿ, ತಲೆಕೆಳಗು ಮಾಡಿ ಧೂಳು ಉದುರಿಸಿ. ಮೊದಲು ಸೋಪುನೀರಿನ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಅಕ್ಷರ ಹೋದ ಕೀಗಳ ತಲೆಯನ್ನಷ್ಟೇ ಒರೆಸಿ. ಅಕ್ಷರ ಉಳಿದಿರುವ ಕೀಗಳಿಗೆ ಅದು ತಾಗಬಾರದು. ಅಸಿಟೋನ್, ಥಿನ್ನರ್ ಹತ್ತಿರವೂ ತರಬೇಡಿ, ಎಬಿಎಸ್ ಪ್ಲಾಸ್ಟಿಕ್ಕನ್ನು ಅಸಿಟೋನ್ ಕರಗಿಸಿಬಿಡುತ್ತದೆ.

ಸ್ಟಿಕ್ಕರನ್ನು ಬೆರಳಲ್ಲಿ ಎತ್ತಿದರೆ ಬೆರಳಿನ ಜಿಡ್ಡು ಅಂಟಿಗೆ ಹತ್ತುತ್ತದೆ. ಚಿಮುಟದಲ್ಲಿ ಎತ್ತಿ, ಮೊದಲು ಕೀಯ ಕೆಳಅಂಚಿಗೆ ಸರಿಹೊಂದಿಸಿ, ಅಲ್ಲಿಂದ ಮೇಲಕ್ಕೆ ಸವರುತ್ತ ಕೂರಿಸಿ. ಕೀಯ ತಲೆಗಿಂತ ಸ್ಟಿಕ್ಕರ್ ಸ್ವಲ್ಪ ಚಿಕ್ಕದಾಗಿಯೇ ಇರಬೇಕು. ಅಂಚಿನಿಂದ ಹೊರಗೆ ಚಾಚಿದರೆ ಉಗುರಿಗೆ ಸಿಕ್ಕಿ ಏಳುತ್ತದೆ. ಎಲ್ಲವನ್ನೂ ಒಂದೊಂದಾಗಿ ಒತ್ತಿ ಹಿಡಿದು, ಸಾಧ್ಯವಾದರೆ ಒಂದು ರಾತ್ರಿ ಹಾಗೇ ಬಿಡಿ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಂಟಿಸುವುದು ನಮ್ಮ ಪದ್ಧತಿ.

ಆರಿಸುವಾಗ ಮೇಲೆ ಲ್ಯಾಮಿನೇಷನ್ ಇರುವ, ಹೊಳಪಿಲ್ಲದ ಸ್ಟಿಕ್ಕರ್ ಕೊಳ್ಳಿ. ಹೊಳಪಿನದು ಟ್ಯೂಬ್‌ಲೈಟಿನ ಬೆಳಕನ್ನು ಕಣ್ಣಿಗೆ ಹೊಡೆಯುತ್ತದೆ. ಕಾಗದಕ್ಕೆ ಪ್ರಿಂಟ್ ತೆಗೆದು ಸೆಲೋಟೇಪ್ ಹಚ್ಚುವವರಿದ್ದಾರೆ. ಆ ಟೇಪಿನ ಅಂಟು ಬಿಸಿಲ ಕಾಲಕ್ಕೆ ಬದಿಗೆ ಜಾರಿ ಬೆರಳಿಗೆ ಮೆತ್ತುತ್ತದೆ. ಲೇಬಲ್ ಯಂತ್ರದ ಲ್ಯಾಮಿನೇಟೆಡ್ ಟೇಪು ಎಷ್ಟೋ ಮೇಲು.

ದೃಷ್ಟಿ ಮಂದವಾದ ಹಿರಿಯರಿಗೆ ಹಳದಿ ಹಿನ್ನೆಲೆಯ ಮೇಲೆ ದಪ್ಪ ಕಪ್ಪು ಅಕ್ಷರದ ಸ್ಟಿಕ್ಕರ್ ಹಾಕಿಕೊಡುತ್ತೇನೆ. ನಮ್ಮಲ್ಲಿಗೆ ಬರುವ ಹಿರಿಯ ವಕೀಲರೊಬ್ಬರು ಇನ್ನು ತಮ್ಮ ಕೈಯಲ್ಲಿ ಟೈಪ್ ಆಗುವುದಿಲ್ಲ ಎಂದು ಕೈಬಿಟ್ಟಿದ್ದರು. ಅಂಥ ಸ್ಟಿಕ್ಕರ್ ಹಾಕಿದ ಮೇಲೆ ವಾದಪತ್ರಗಳನ್ನು ಮತ್ತೆ ತಾವೇ ತಿದ್ದತೊಡಗಿದರು. ಈ ಕೆಲಸದಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟದ್ದು ಬೇರೆ ಇಲ್ಲ.

ಲ್ಯಾಪ್‌ಟಾಪಿಗೆ ದಪ್ಪ ಸ್ಟಿಕ್ಕರ್ ಬೇಡ, ಮುಚ್ಚಿದಾಗ ಪರದೆಗೆ ತಾಗಿ ಗುರುತು ಬೀಳಬಹುದು. ಹಳೆಯ ಸ್ಟಿಕ್ಕರ್ ಕಿತ್ತ ಮೇಲೆ ಉಳಿದ ಅಂಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಕೆಲವು ನಿಮಿಷ ಬಿಟ್ಟು, ಸೋಪುನೀರಿನಿಂದ ಒರೆಸಿದರೆ ಬಿಡುತ್ತದೆ.

7. ಪೆನ್ನು, ನೇಲ್ ಪಾಲಿಶ್

ಸ್ಕೆಚ್ ಪೆನ್ನು ಒಂದು ದಿನಕ್ಕೆ ಹೋಗುತ್ತದೆ, ಮಾರ್ಕರ್ ಕೆಲವು ದಿನಕ್ಕೆ. ಬಿಳಿ ಪೇಂಟ್ ಮಾರ್ಕರ್ ಒಂದಷ್ಟು ಕಾಲ ನಿಲ್ಲುತ್ತದೆ. ನೇಲ್ ಪಾಲಿಶ್‌ನ ದ್ರಾವಕ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ತುರ್ತಿಗೆ ಎರಡು ಮೂರು ಕೀಗಳಿಗೆ ಪೇಂಟ್ ಮಾರ್ಕರ್ ಸಾಕು, ಉಳಿದದ್ದಕ್ಕೆ ಬೇಡ.

8. ಕೀ ಬದಲಿಸುವಾಗ ಸಾಲು ನೋಡಿ

ಅದೇ ಮಾದರಿಯ ಕೆಟ್ಟ ಕೀಬೋರ್ಡು ಸಿಕ್ಕರೆ ಅದರ ಕೀಗಳನ್ನು ಕಿತ್ತಿಟ್ಟುಕೊಳ್ಳುತ್ತೇನೆ. ನೀರು ಬಿದ್ದು ಸತ್ತ ಕೀಬೋರ್ಡಿನ ಕೀಗಳು ಇನ್ನೊಂದಕ್ಕೆ ಹೊಸ ಅಕ್ಷರ ಕೊಡುತ್ತವೆ. ಆದರೆ ಒಂದೊಂದು ಸಾಲಿನ ಕೀಗೂ ಎತ್ತರ, ಓರೆ ಬೇರೆ. ಮೇಲಿನ ಸಾಲಿನ ಕೀಯನ್ನು ನಡುಸಾಲಿಗೆ ಹಾಕಿದರೆ ಬೆರಳು ಎಡವುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿಗೆ ಬೇರೆ ಕೀ ಸೆಟ್ ಕೊಳ್ಳುವಾಗ ಸ್ವಿಚ್ಚಿನ ತಲೆಯ ಆಕಾರ ನೋಡಿ. ಕೂಡಿಸುವ ಗುರುತಿನಂತಿದ್ದರೆ ಚೆರಿ ಎಂಎಕ್ಸ್ ಮಾದರಿಯ ಕೀಗಳು ಕೂರುತ್ತವೆ. ಸ್ಪೇಸ್‌ಬಾರಿನ ಉದ್ದವನ್ನೂ ಕೆಳಸಾಲಿನ ಕಂಟ್ರೋಲ್, ಆಲ್ಟ್‌ಗಳ ಅಗಲವನ್ನೂ ಅಳೆದ ಮೇಲೆಯೇ ದುಡ್ಡು ಕೊಡಿ.

ಕೀಳಲು ಸ್ಕ್ರೂಡ್ರೈವರ್ ಬೇಡ. ತಂತಿಯ ಕೀ ಪುಲ್ಲರ್ ಕಡಿಮೆ ಬೆಲೆಗೆ ಸಿಗುತ್ತದೆ, ನೇರ ಮೇಲಕ್ಕೆ ಎಳೆಯಿರಿ. ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಕೀಗಳ ಕೆಳಗೆ ಕತ್ತರಿಯಂಥ ಸಣ್ಣ ಪ್ಲಾಸ್ಟಿಕ್ ಕೊಂಡಿಗಳಿವೆ, ಅವು ಮುರಿದರೆ ಕೀ ಮತ್ತೆ ಕೂರುವುದಿಲ್ಲ. ಬರೀ ಅಕ್ಷರಕ್ಕಾಗಿ ಲ್ಯಾಪ್‌ಟಾಪ್ ಕೀಗೆ ಕೈಹಾಕಬೇಡಿ.

9. ಎಫ್ ಮತ್ತು ಜೆ ಮೇಲಿನ ಉಬ್ಬು ಅಕ್ಷರಕ್ಕಿಂತ ಮುಖ್ಯ

ನೋಡದೆ ಹೊಡೆಯುವವರ ತೋರುಬೆರಳುಗಳು ತಮ್ಮ ಜಾಗ ಕಂಡುಕೊಳ್ಳುವುದು ಈ ಎರಡು ಸಣ್ಣ ಗೆರೆಗಳಿಂದ. ನುಡಿ ಬಳಸುವವರಿಗೆ ಎಫ್ ಒತ್ತಕ್ಷರದ ಕೀಯೂ ಆಗಿರುವುದರಿಂದ ಆ ಗೆರೆ ಬೇಗ ಸವೆಯುತ್ತದೆ. ಸವೆದದ್ದು ಗೊತ್ತಾಗದೆ ಕೈ ಒಂದು ಕೀ ಪಕ್ಕಕ್ಕೆ ಸರಿದು, ಸಾಲಿಗೆ ಸಾಲೇ ಅರ್ಥವಿಲ್ಲದಂತೆ ಮೂಡುತ್ತದೆ. ಸ್ಟಿಕ್ಕರ್ ಹಾಕಿದರೂ ಗೆರೆ ಮುಚ್ಚಿಹೋಗುತ್ತದೆ. ದೃಷ್ಟಿಹೀನರಿಗಾಗಿ ಮಾಡಿದ ಉಬ್ಬು ಚುಕ್ಕಿಗಳು ಸಿಗುತ್ತವೆ. ಸ್ಟಿಕ್ಕರ್ ಮೇಲೆ ಕೆಳಅಂಚಿನ ಹತ್ತಿರ ಒಂದೊಂದನ್ನು ಅಂಟಿಸಿ. ಲೆಕ್ಕಪತ್ರ ಬರೆಯುವವರ ಕೀಬೋರ್ಡಾದರೆ ಬಲಗಡೆಯ ಅಂಕಿಗಳ ಗುಂಪಿನಲ್ಲಿ 5ಕ್ಕೂ ಒಂದು ಚುಕ್ಕಿ ಬೇಕು.

10. ಇವತ್ತೇ ಕೆಲಸವಾಗಬೇಕಿದ್ದರೆ ಪರದೆಯ ಮೇಲೆ ಕೀಬೋರ್ಡು ತೆರೆಯಿರಿ

ವಿಂಡೋಸ್ ಕೀಯ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಓ, ಎಸ್, ಕೆ ಎಂಬ ಮೂರು ಅಕ್ಷರ ಹೊಡೆದು ಎಂಟರ್ ಕೊಟ್ಟರೆ ಪರದೆಯ ಮೇಲೆಯೇ ಕೀಬೋರ್ಡು ಬರುತ್ತದೆ. ವಿಂಡೋಸ್‌ನ ಕನ್ನಡ ವಿನ್ಯಾಸ ಆರಿಸಿದ್ದರೆ ಅದರಲ್ಲಿ ಇನ್‌ಸ್ಕ್ರಿಪ್ಟ್ ಅಕ್ಷರಗಳು ಕಾಣುತ್ತವೆ, ಶಿಫ್ಟ್ ಒತ್ತಿದರೆ ಮೇಲಿನ ಅಕ್ಷರಗಳೂ ಕಾಣುತ್ತವೆ. ಸ್ಟಿಕ್ಕರ್ ಬರುವ ತನಕ ಇದು ಸಾಕು.

11. ಬಾಗಿಲಿನ ಕೀಪ್ಯಾಡು ಸವೆದರೆ ಗುಟ್ಟು ಹೊರಗೆ

ಕಚೇರಿಯ ಬಾಗಿಲಿಗೋ ಲಾಕರಿಗೋ ನಂಬರ್ ಒತ್ತುವ ಬೀಗವಿದ್ದರೆ ಅದರ ಕೀಗಳನ್ನು ಆಗಾಗ ನೋಡಿ. ನಾಲ್ಕೇ ಅಂಕಿಗಳು ಮಾಸಿದ್ದರೆ ಆ ನಾಲ್ಕಂಕಿಯ ಗುಟ್ಟು 24 ಸಾಧ್ಯತೆಗಳಿಗೆ ಇಳಿಯಿತು. ಮೂರೇ ಮಾಸಿದ್ದರೆ ಒಂದು ಅಂಕಿ ಎರಡು ಸಲ ಬಂದಿದೆ ಎಂದರ್ಥ, ಸಾಧ್ಯತೆಗಳು 36. ನಂಬರನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಎಲ್ಲ ಅಂಕಿಗಳೂ ಒಂದೇ ಸಮ ಸವೆಯುತ್ತವೆ.

12. ಕಲಿಯುವವರಿಗೆ ಅಕ್ಷರ ಗೋಡೆಯ ಮೇಲಿರಲಿ

ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ಟೈಪಿಂಗ್ ಕಲಿಯಲು ನಮ್ಮಲ್ಲಿಗೆ ಬರುತ್ತಾರೆ. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವ ಆಸೆ. ಅವರಿಗೆ ಹೊಸ ಸ್ಟಿಕ್ಕರ್ ಹಾಕಿದ ಕೀಬೋರ್ಡು ಕೊಡುವುದಿಲ್ಲ. ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಗೋಡೆಗೆ ಕೀಗಳ ಚಾರ್ಟು ತೂಗುಹಾಕುತ್ತಿದ್ದರು. ಅದೇ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಕಣ್ಣೆತ್ತಿದರೆ ಕಾಣುವ ಎತ್ತರದಲ್ಲಿ ಎರಡು ಚಾರ್ಟು, ಒಂದು ಇಂಗ್ಲಿಷಿನದು, ಒಂದು ಕೆ.ಪಿ. ರಾವ್ ವಿನ್ಯಾಸದ್ದು. ಸಂದೇಹ ಬಂದಾಗ ತಲೆ ಮೇಲಕ್ಕೆ ಹೋಗಬೇಕು, ಕೈಯ ಕಡೆಗಲ್ಲ.

1888ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಟೈಪಿಂಗ್ ಸ್ಪರ್ಧೆಯಲ್ಲಿ ಫ್ರಾಂಕ್ ಮ್ಯಾಕ್‌ಗರಿನ್ ಎಂಬಾತ ಕೀಗಳ ಜಾಗವನ್ನೆಲ್ಲ ಬೆರಳಿಗೆ ಕಲಿಸಿಕೊಂಡು ಬಂದು, ಕೀ ನೋಡಿ ಹೊಡೆಯುವ ಎದುರಾಳಿಯನ್ನು ಸೋಲಿಸಿದ. ಆ ಕಥೆಯನ್ನು ಪ್ರತಿ ಹೊಸ ತಂಡಕ್ಕೂ ಹೇಳುತ್ತೇನೆ. ಮೊದಲ ದಿನಗಳಲ್ಲಿ ‘ಅಣ್ಣಾ, ಒಂದೇ ಒಂದು ಅಕ್ಷರ ಬರೆದುಕೊಡಿ’ ಎಂದು ಕೇಳುವವರು ತಿಂಗಳು ಕಳೆಯುವಷ್ಟರಲ್ಲಿ ಕೇಳುವುದನ್ನು ಬಿಡುತ್ತಾರೆ. ಪರೀಕ್ಷೆಗೆ ಮೊದಲಿನ ವಾರ ಮಾತ್ರ ಅಕ್ಷರ ಇರುವ ಹೊಸ ಕೀಬೋರ್ಡಿನ ಮೇಲೂ ಕೂರಿಸುತ್ತೇನೆ. ಪರೀಕ್ಷಾ ಕೇಂದ್ರದಲ್ಲಿ ಸಿಗುವುದು ಎಂಥದ್ದೋ, ಹೊಸ ಕೀಗಳ ಒರಟು ಮೈಗೂ ಬೆರಳು ಹೊಂದಿಕೊಂಡಿರಲಿ.